ಎಡಕ್ಕೆ ಹೊರಟ ಬಸವನಹುಳು

ಒಂದು ಕಾಡಿನಲ್ಲಿ ಬೇಸಗೆ ಬಂತೆಂದರೆ ಜಗಳವೂ ಬರುತ್ತಿತ್ತು. ಕಾಡು ದೊಡ್ಡದು, ನೀರಿನ ಹೊಂಡ ಒಂದೇ. ನಾನು ಮೊದಲು, ನೀನು ಆಮೇಲೆ ಎಂದು ಶುರುವಾದ ಮಾತು ಕೊಂಬು, ಕೋರೆಹಲ್ಲಿನವರೆಗೆ ಹೋಗಿ ನಿಲ್ಲುತ್ತಿತ್ತು. ಮಳೆ ಬಿದ್ದು ಹೊಂಡ ತುಂಬಿದ ಮೇಲೆ ಎಲ್ಲರಿಗೂ ನಾಚಿಕೆ. ಎದುರಿಗೆ ಸಿಕ್ಕರೆ ಒಬ್ಬರು ಮರ ನೋಡುವರು, ಇನ್ನೊಬ್ಬರು ಮೋಡ ನೋಡುವರು. ತಪ್ಪಾಯಿತು ಎನ್ನಲು ಯಾರಿಗೂ ನಾಲಿಗೆ ಏಳದು.

ಅದಕ್ಕೇ ಆ ಕಾಡಿನ ಹಿರಿಯರು ರಾಜಿ ಓಲೆ ಎಂಬ ಪದ್ಧತಿ ಇಟ್ಟಿದ್ದರು. ಮೊದಲ ಮಳೆಯಾದ ಮೇಲೆ, ಜಗಳ ತೆಗೆದವರು ನೋವು ತಿಂದವರಿಗೆ ಬಣ್ಣದ ಓಲೆಯೊಂದನ್ನು ಕಳಿಸಬೇಕು. ಓಲೆ ಕೈಗೆ ಬಂದ ಮೇಲೆ ಹಳೆಯ ಮಾತು ಎತ್ತುವ ಹಾಗಿಲ್ಲ. ಓಲೆ ಬಂತು, ಸಿಟ್ಟು ಹೋಯಿತು, ಅಷ್ಟೆ.

ಈ ಓಲೆಗಳನ್ನು ಮಾಡುತ್ತಿದ್ದವಳು ಒಂದು ಇಲಿ. ಕಾಡಿನ ಅಂಚಿನ ರಸ್ತೆಯಲ್ಲಿ ಬಸ್ಸು ನಿಲ್ಲಿಸಿ ಬುತ್ತಿ ಬಿಚ್ಚುವ ಜನ ಏನೇನೋ ಕಾಗದ ಬಿಟ್ಟುಹೋಗುತ್ತಿದ್ದರು. ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರಿನ ಹಾಳೆ, ಊದುಬತ್ತಿಯ ಪೊಟ್ಟಣ, ಬಿಸ್ಕತ್ತಿನ ಹೊಳೆಯುವ ಕಾಗದ. ಅವನ್ನೆಲ್ಲ ಹೆಕ್ಕಿ ತರುವುದೇ ಅವಳ ಕೆಲಸ. ಕಾಗದದ ಚೂರು ಕಂಡರೆ ಅವಳಿಗೆ ಅನ್ನ ಬೇಡ, ನೀರು ಬೇಡ. ಹಾಗಾಗಿ ಎಲ್ಲರೂ ಅವಳನ್ನು ಚೂರಕ್ಕ ಎಂದೇ ಕರೆಯುತ್ತಿದ್ದರು. ಚೂರಕ್ಕ ಹಲ್ಲಿನಲ್ಲೇ ಕಾಗದ ಕತ್ತರಿಸುವಳು. ಚಳ್ಳೆಹಣ್ಣಿನ ಅಂಟಿನಲ್ಲಿ ಅಂಟಿಸುವಳು. ಕಾಡುಬೆಂಡೆಯನ್ನು ಅಡ್ಡಕ್ಕೆ ಕೊಯ್ದು, ಬಸಳೆ ಹಣ್ಣಿನ ರಸದಲ್ಲಿ ಅದ್ದಿ ಒತ್ತಿದರೆ ಓಲೆಯ ನಡುವೆ ನೇರಳೆ ಬಣ್ಣದ ಹೂವು ಅರಳುವುದು. ಕೊನೆಗೆ ಮೂಲೆಯಲ್ಲಿ ಅವಳ ಗುರುತಿನ ಅಚ್ಚು, ಒಂದು ಪುಟ್ಟ ಬಸವನಹುಳು. ಆ ಅಚ್ಚನ್ನು ಅವಳ ಅವ್ವ ಮೆತ್ತನೆಯ ಮರದ ತುಂಡಿನಲ್ಲಿ ಕೊರೆದುಕೊಟ್ಟಿದ್ದಳು.

ಚೂರಕ್ಕ ಕೂರುತ್ತಿದ್ದುದು ಹೊಂಡದ ಪಕ್ಕದ ತೇಗದ ಮರದ ಬುಡದಲ್ಲಿ. ಆ ಬುಡದಲ್ಲಿ ಓಲೆ ಮಾಡುವವರನ್ನು ಯಾರೂ ಮುಟ್ಟಬಾರದು ಎಂಬುದು ಕಾಡಿನ ಕಟ್ಟಳೆ. ಹದ್ದು ಮೇಲೆ ಹಾರಿದರೂ ನೋಡಿ ಸುಮ್ಮನೆ ಹೋಗುತ್ತಿತ್ತು. ಆ ಬುಡ ಬಿಟ್ಟರೆ ಚೂರಕ್ಕನೂ ಬರೀ ಇಲಿ, ಒಂದು ತುತ್ತು. ಕಾಗದ ಹೆಕ್ಕಲು ಹೋಗುವಾಗಲೆಲ್ಲ ಹದ್ದು, ಹಾವಿನ ಕಣ್ಣು ತಪ್ಪಿಸಿ ಓಡಬೇಕಿತ್ತು.

ಅವಳದೊಂದು ಹಟವಿತ್ತು. ಕತ್ತರಿಸುವುದು, ಅಂಟಿಸುವುದು ಎಲ್ಲ ಅವಳೇ ಮಾಡಿಕೊಡುವಳು. ಹೂವಿನ ಅಚ್ಚನ್ನು ಮಾತ್ರ ಓಲೆ ಕಳಿಸುವವರೇ ಬಂದು ಒತ್ತಬೇಕು.

ಆ ವರ್ಷ ಮೊದಲ ಮಳೆಯಾದ ಮರುದಿನ ಗುದ್ದಣ್ಣ ಎಂಬ ಕಾಡುಹಂದಿ ಬಂದ. ಬೇಸಗೆಯಲ್ಲಿ ಅವನು ಮೊನಚಮ್ಮ ಎಂಬ ಮುಳ್ಳುಹಂದಿಯ ಮರಿಗಳು ನೀರು ಕುಡಿಯುವಾಗ ಹೊಂಡಕ್ಕೆ ಇಳಿದು ಎಲ್ಲ ಕೆಸರು ಮಾಡಿದ್ದ.

"ನನ್ನ ಗೊರಸಿಗೆ ಇದೆಲ್ಲ ಬರಲ್ಲ ಕಣಕ್ಕ. ನೀನೇ ಒತ್ತಿಬಿಡು" ಎಂದ.

"ಜಗಳ ಆಡೋವಾಗ ನನ್ನನ್ನ ಕರೆದಿದ್ಯಾ ಗುದ್ದಣ್ಣ? ಆಗ ನಿನ್ನ ಗೊರಸು ಚೆನ್ನಾಗೇ ಓಡ್ತಿತ್ತಲ್ಲ."

ಗುದ್ದಣ್ಣನಿಗೆ ಮುಖ ಸಣ್ಣದಾಯಿತು. "ನಾಳೆ ಬರ್ತೀನಿ ಬಿಡು" ಎಂದು ಹೊರಟುಹೋದ. ಅವನಂತೆಯೇ ಆ ದಿನ ಇನ್ನೂ ಹಲವರು ನಾಳೆ ಎಂದು ಹೋದರು. ತಪ್ಪು ಒಪ್ಪಿಕೊಳ್ಳುವ ಕೆಲಸಕ್ಕೆ ಎಲ್ಲರಿಗೂ ನಾಳೆಯೇ ಒಳ್ಳೆಯ ಮುಹೂರ್ತ.

ಪೊದೆಯ ಹಿಂದೆ ಕುಳಿತು ಇದನ್ನೆಲ್ಲ ಕೇಳುತ್ತಿದ್ದವನು ಕೀರಣ್ಣ ಎಂಬ ಮುಂಗುಸಿ. ಅವನ ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಚೂರಕ್ಕನನ್ನು ಕಂಡಾಗಲೆಲ್ಲ ಅವನ ಬಾಯಲ್ಲಿ ನೀರೂರುತ್ತಿತ್ತು, ಕಟ್ಟಳೆ ನೆನೆದು ನುಂಗಿಕೊಳ್ಳುತ್ತಿದ್ದ. ಈಗ ಅವನಿಗೊಂದು ಉಪಾಯ ಹೊಳೆಯಿತು. ಒಂದೇ ಏಟಿಗೆ ಬಿಟ್ಟಿ ಊಟವೂ ಸಿಗಬೇಕು, ಈ ಇಲಿಯೂ ಮರದ ಬುಡ ಬಿಡಬೇಕು.

ಕೀರಣ್ಣ ಚೂರಕ್ಕನ ರಾಶಿಯಿಂದ ಒಂದಿಷ್ಟು ಕಾಗದ ಎಗರಿಸಿದ. ಯಾರದೋ ಹಳೆಯ ಓಲೆಯೊಂದನ್ನು ಮುಂದಿಟ್ಟುಕೊಂಡು, ಅದರಲ್ಲಿದ್ದ ಬಸವನಹುಳುವನ್ನು ಹೇಗೆ ಕಂಡಿತೋ ಹಾಗೇ ಮರದ ತುಂಡಿನ ಮೇಲೆ ಕೊರೆದ. ಬಸಳೆ ಹಣ್ಣನ್ನು ದಿನದಿನವೂ ಆರಿಸಿ ಹಿಂಡಬೇಕು. ಅಷ್ಟು ಸಹನೆ ಅವನಿಗೆಲ್ಲಿಂದ ಬರಬೇಕು? ಮರದ ಕೆಳಗೆ ಉದುರಿದ್ದ ಕರಿಗೇರಿನ ಬೀಜ ಜಜ್ಜಿದ. ಅಗಸರು ಬಟ್ಟೆಗೆ ಗುರುತು ಹಾಕುವ ಬೀಜ ಅದು. ಎಷ್ಟು ಒಗೆದರೂ ಅದರ ಕಪ್ಪು ಹೋಗುವುದಿಲ್ಲ. ಭಲೇ ಬಣ್ಣ ಸಿಕ್ಕಿತು, ಒಣಗಿದ ಮೇಲೆ ಕಡುನೇರಳೆಗೂ ಇದಕ್ಕೂ ವ್ಯತ್ಯಾಸ ಯಾರು ನೋಡುತ್ತಾರೆ ಎಂದು ಹಿಗ್ಗಿ, ಹೂವನ್ನೂ ಹುಳುವನ್ನೂ ತಾನೇ ಒತ್ತಿ ಹನ್ನೊಂದು ಓಲೆ ಮಾಡಿದ. ಹನ್ನೊಂದೂ ಒಂದೇ ಥರ.

ಮೊದಲು ಮೊನಚಮ್ಮನ ಬಿಲಕ್ಕೆ ಹೋದ.

"ಗುದ್ದಣ್ಣ ನಿಮಗೆ ಓಲೆ ಕಳಿಸಿದ್ದಾನಮ್ಮ. ಚೂರಕ್ಕ ನನ್ನ ಕೈಲಿ ಕೊಟ್ಟು ತಲುಪಿಸು ಅಂದಳು. ಈ ಸಲ ಹಾಗೇ ಅಂತೆ, ಮನೆ ಬಾಗಿಲಿಗೇ ಓಲೆ. ಏನಾದರೂ ಕೊಟ್ಟರೆ ಅವಳಿಗೆ ಒಪ್ಪಿಸ್ತೀನಿ."

ಮೊನಚಮ್ಮ ಸಂತೋಷದಿಂದ ನಾಲ್ಕು ಹಲಸಿನ ತೊಳೆ ಕೊಟ್ಟಳು. ಕೊಕ್ಕರೆ ಎರಡು ಏಡಿ ಕೊಟ್ಟಳು. ಮೊಲ, ಕಡವೆ, ಉಡ, ಯಾರೂ ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಹನ್ನೊಂದು ಮನೆಯ ಊಟವೂ ಒಂದೇ ಹೊಟ್ಟೆಗೆ ಹೋಯಿತು.

ಮರುದಿನ ಮೊನಚಮ್ಮ ನಗುತ್ತಾ ಗುದ್ದಣ್ಣನ ಹತ್ತಿರ ಹೋದಳು. "ಓಲೆ ಬಂತಪ್ಪ. ನನ್ನ ಮನಸ್ಸು ತಣ್ಣಗಾಯ್ತು."

"ಯಾವ ಓಲೆ? ನಾನು ಇನ್ನೂ ಕಳಿಸೇ ಇಲ್ಲ" ಎಂದ ಗುದ್ದಣ್ಣ.

ಮೊನಚಮ್ಮನ ಮುಳ್ಳು ನೆಟ್ಟಗಾದವು. "ಹಾಗಾದ್ರೆ ನೀನು ಮಾಡಿದ್ದು ತಪ್ಪು ಅಂತ ನಿನಗೆ ಅನ್ನಿಸೇ ಇಲ್ಲ."

"ಬರೋಣ ಅಂತಲೇ ಇದ್ದೆ. ಅಷ್ಟರಲ್ಲಿ ನನ್ನ ಹೆಸರಲ್ಲಿ ನೀನೇ ಓಲೆ ಮಾಡಿಸ್ಕೊಂಡೆಯಾ?"

ಆರಬೇಕಿದ್ದ ಜಗಳ ಹೀಗೆ ಎರಡರಷ್ಟಾಯಿತು. ಹನ್ನೊಂದು ಕಡೆಯೂ ಇದೇ ಕಥೆ. ಹೊಂಡದಲ್ಲಿ ನೀರು ತುಂಬಿ ತುಳುಕುತ್ತಿತ್ತು, ಆದರೂ ಕುಡಿಯಲು ಬಂದವರು ಒಬ್ಬರನ್ನೊಬ್ಬರು ಗುರಾಯಿಸುತ್ತಿದ್ದರು. ಮೂರನೆಯ ದಿನ ಎಲ್ಲರೂ ಸೇರಿ ಹೊಂಡದ ಯಜಮಾನನಾದ ಮುದಿ ಕಾಡುಕೋಣನ ಬಳಿ ನ್ಯಾಯಕ್ಕೆ ಹೋದರು. ಚೂರಕ್ಕನನ್ನು ನಡುವೆ ನಿಲ್ಲಿಸಿದರು.

ಕೀರಣ್ಣ ಎಲ್ಲರಿಗಿಂತ ಮುಂದೆ ಬಂದು, ಹುಲ್ಲಿನೊಳಗೆ ಮುಂಗಾಲು ಹುದುಗಿಸಿ ಕುಳಿತಿದ್ದ. "ನನ್ನದೇನಿದೆ ಯಜಮಾನರೇ? ಚೂರಕ್ಕ ಕೊಟ್ಟಳು, ನಾನು ಹೊತ್ತೆ. ಜನ ಕೊಟ್ಟ ತಿಂಡಿನೆಲ್ಲ ಅವಳಿಗೇ ಒಪ್ಪಿಸಿದೆ. ನನ್ನ ಮಾತು ಬೇಡ, ಓಲೆ ಮೇಲಿನ ಗುರುತು ನೋಡಿ."

ಗುರುತು ಇತ್ತು. ಹನ್ನೊಂದು ಓಲೆಯ ಮೂಲೆಯಲ್ಲೂ ಬಸವನಹುಳು ಕುಳಿತಿತ್ತು.

"ನಾನು ಕೊಟ್ಟಿಲ್ಲ ಯಜಮಾನರೇ. ಒತ್ತೋದಕ್ಕೆ ಯಾರೂ ಬರದೆ ನಾನು ಓಲೆ ಮಾಡಲ್ಲ" ಎಂದಳು ಚೂರಕ್ಕ.

ಕಾಡುಕೋಣ ನಿಟ್ಟುಸಿರು ಬಿಟ್ಟಿತು. "ಓಲೆ ಮೇಲೆ ನಂಬಿಕೆ ಹೋದರೆ ಈ ಕಾಡಲ್ಲಿ ಯಾರೂ ಯಾರ ಜೊತೆಗೂ ಬಾಳಲ್ಲ ಚೂರಕ್ಕ. ಗುರುತು ನಿನ್ನದು. ಹೊತ್ತು ಮುಳುಗೋದರ ಒಳಗೆ ಮರದ ಬುಡ ಬಿಟ್ಟುಬಿಡು."

ಕೀರಣ್ಣ ತುಟಿ ಸವರಿಕೊಂಡ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಬೆಕ್ಕಿನ ಜಾಗದಲ್ಲಿ ಮುಂಗುಸಿ ಕುಳಿತಿತ್ತು. ತನ್ನ ಜೀವಕ್ಕಿಂತ ಅವ್ವನ ಬಸವನಹುಳುವಿಗೆ ಬಂದ ಕೆಟ್ಟ ಹೆಸರು ಚೂರಕ್ಕನನ್ನು ಹೆಚ್ಚು ನೋಯಿಸಿತು.

"ಹೋಗ್ತೀನಿ ಯಜಮಾನರೇ. ಒಂದು ಸಲ ಆ ಓಲೆ ನನ್ನ ಕೈಗೆ ಕೊಡಿ."

ಮೊನಚಮ್ಮ ತನ್ನ ಓಲೆಯನ್ನು ಮುಂದೆ ತಳ್ಳಿದಳು. ಚೂರಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಾಗದದ ಅಂಚು ಹರಕು. ಅಂಟು ಹೊರಗೆಲ್ಲ ಸುರಿದಿದೆ. ಆಮೇಲೆ ಬಸವನಹುಳುವನ್ನು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮೀಸೆ ಅಲ್ಲಾಡಿತು.

"ಮೊನಚಮ್ಮ, ಹೋದ ವರ್ಷದ ಓಲೆ ಇಟ್ಟಿದ್ದೀಯಾ?"

"ಇಡದೆ ಇರ್ತೀನಾ? ಬಿಲದ ಗೋಡೆಗೇ ಚುಚ್ಚಿಟ್ಟಿದ್ದೀನಿ" ಎಂದು ಮೊನಚಮ್ಮ ಹೋಗಿ ತಂದಳು. ಚೂರಕ್ಕ ಎರಡೂ ಓಲೆಗಳನ್ನು ಕಾಡುಕೋಣನ ಮುಂದೆ ಪಕ್ಕಪಕ್ಕ ಇಟ್ಟಳು. ಹಳೆಯ ಓಲೆಯ ಬಸವನಹುಳು ಬಲಕ್ಕೆ ಮುಖ ಮಾಡಿ ಹೊರಟಿತ್ತು. ಹೊಸದು ಎಡಕ್ಕೆ ಹೊರಟಿತ್ತು.

ಚೂರಕ್ಕ ಅವ್ವನ ಅಚ್ಚನ್ನು ತೋರಿಸಿದಳು. "ಇದರಲ್ಲಿ ಹುಳು ಎಡಕ್ಕಿದೆ ನೋಡಿ. ಒತ್ತಿದಾಗ ಬಲಕ್ಕೆ ಬರುತ್ತೆ. ಅಚ್ಚಿನ ಕೆಲಸ ಕಲಿತವರು ಯಾವಾಗಲೂ ತಿರುಗಿಸಿಯೇ ಕೊರೀತಾರೆ. ಯಾರೋ ನನ್ನ ಓಲೆ ನೋಡಿಕೊಂಡು, ಕಂಡ ಹಾಗೇ ಕೊರೆದಿದ್ದಾರೆ. ಅದಕ್ಕೇ ಹುಳು ಅಡ್ಡದಾರಿ ಹಿಡಿದಿದೆ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಕೀರಣ್ಣ ಬಿಡುವವನಲ್ಲ. "ಹೊಸ ಅಚ್ಚು ಅವಳೇ ಕೊರೆದಿರಬೇಕು. ಅವಸರದಲ್ಲಿ ತಪ್ಪಿರಬಹುದು. ಇಲಿಗೆ ಹಲ್ಲಿಗೇನು ಬರವೇ?"

ಚೂರಕ್ಕ ಓಲೆಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ತಟ್ಟನೆ ದೂರ ಹಿಡಿದಳು.

"ಇದು ಬಸಳೆ ರಸ ಅಲ್ಲ ಯಜಮಾನರೇ. ಕರಿಗೇರು. ನನ್ನ ಅವ್ವ ಇದನ್ನ ಮುಟ್ಟೋದಕ್ಕೂ ಬಿಡ್ತಿರಲಿಲ್ಲ. ಇದರ ಹಾಲು ತಾಗಿದರೆ ಚರ್ಮ ಕಪ್ಪಾಗುತ್ತೆ, ಎರಡು ದಿನಕ್ಕೆ ಗುಳ್ಳೆ ಏಳುತ್ತೆ. ಇಗೋ ನನ್ನ ಕೈ."

ಅವಳು ಎರಡು ಪುಟ್ಟ ಅಂಗೈ ಚಾಚಿದಳು. ಎರಡೂ ನೇರಳೆ ಬಣ್ಣ, ಒಂದು ಗುಳ್ಳೆಯೂ ಇಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೀರಣ್ಣ ಮುಂಗಾಲುಗಳನ್ನು ಇನ್ನಷ್ಟು ಹುಲ್ಲಿನೊಳಗೆ ತುರುಕಿದ. ಬೆಳಗಿನಿಂದ ಅವು ಉರಿಯುತ್ತಿದ್ದವು, ತುರಿಸುತ್ತಿದ್ದವು. ತಡೆದು ತಡೆದು ಅವನ ಕಣ್ಣಲ್ಲಿ ನೀರು ಬಂದಿತ್ತು.

"ಕೀರಣ್ಣ, ಕೈ ತೋರಿಸು" ಎಂದಿತು ಕಾಡುಕೋಣ.

"ಶೀತ ಯಜಮಾನರೇ, ಬೆಚ್ಚಗಿಟ್ಟುಕೊಂಡಿದ್ದೀನಿ."

ಗುದ್ದಣ್ಣ ಮೂತಿಯಿಂದ ಹುಲ್ಲು ಸರಿಸಿದ. ಕೀರಣ್ಣನ ಎರಡು ಪಂಜವೂ ಇದ್ದಿಲಿನಂತೆ ಕಪ್ಪಗಾಗಿ, ಗುಳ್ಳೆ ಎದ್ದು ಊದಿಕೊಂಡಿದ್ದವು. ಇನ್ನು ಯಾರೂ ಏನೂ ಕೇಳಬೇಕಾಗಿರಲಿಲ್ಲ.

"ಇವನನ್ನ ಕಾಡು ಬಿಡಿಸಿ" ಎಂದು ಎಲ್ಲರೂ ಕೂಗಿದರು. ಗುದ್ದಣ್ಣ ಕೋರೆಹಲ್ಲು ತಗ್ಗಿಸಿ ನಿಂತ. ಕಾಡುಕೋಣ ಚೂರಕ್ಕನ ಕಡೆ ತಿರುಗಿ, "ನಾನು ದುಡುಕಿದೆ ತಾಯಿ. ಇವನಿಗೆ ಏನು ಶಿಕ್ಷೆ ಅನ್ನೋದನ್ನ ನೀನೇ ಹೇಳು" ಎಂದಿತು.

ಚೂರಕ್ಕನಿಗೆ ಸಿಟ್ಟು ಬಂದಿತ್ತು, ಇಲ್ಲವೆಂದರೆ ಸುಳ್ಳಾದೀತು. ಇವನು ಕಾಡು ಬಿಟ್ಟರೆ ತಾನು ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎಂದೂ ಅನ್ನಿಸಿತು. ಆದರೆ ಹೊತ್ತಿಕೊಂಡ ಹನ್ನೊಂದು ಜಗಳ ಆರಿಸುವವರು ಯಾರು?

"ಇವನು ಹನ್ನೊಂದು ಮನೆಗೆ ಜಗಳ ಹಂಚಿದ್ದಾನೆ. ಹನ್ನೊಂದು ರಾಜಿ ಓಲೆಯನ್ನ ಇವನೇ ಮಾಡಲಿ. ಅಚ್ಚನ್ನೂ ಇವನೇ ಒತ್ತಲಿ" ಎಂದಳು.

ಇದೂ ಒಂದು ಶಿಕ್ಷೆಯೇ ಎಂದು ಕೆಲವರು ಮೂಗು ಮುರಿದರು. ಶಿಕ್ಷೆ ಎಂಥದ್ದೆಂದು ಕೀರಣ್ಣನಿಗೆ ಮೊದಲ ಓಲೆಯಲ್ಲೇ ಗೊತ್ತಾಯಿತು. ಚಳ್ಳೆಹಣ್ಣಿನ ಅಂಟು ಮೀಸೆಗೆ ಮೆತ್ತಿತು. ಬೆಂಡೆಯ ಅಚ್ಚು ಹಿಡಿದು ಒತ್ತುವಾಗಲೆಲ್ಲ ಗುಳ್ಳೆ ಒತ್ತಿ ಪ್ರಾಣ ಹೋದಂತಾಯಿತು. ಮೂರು ಓಲೆ ಮುಗಿಸಿ ಸೋತುಹೋದ.

"ಆಗಲ್ಲ ಕಣಕ್ಕ. ಉಳಿದಿದ್ದು ನೀನೇ ಒತ್ತಿಬಿಡು."

"ಜಗಳ ಹಚ್ಚೋವಾಗ ನನ್ನನ್ನ ಕರೆದಿದ್ಯಾ ಕೀರಣ್ಣ?"

ಸಾಲಿನಲ್ಲಿ ನಿಂತಿದ್ದ ಗುದ್ದಣ್ಣ ಈ ಮಾತು ಕೇಳಿ ತಲೆ ತಗ್ಗಿಸಿದ. ತನ್ನ ಓಲೆಯನ್ನು ತಾನೇ ಒತ್ತಲು ಆ ದಿನ ಅವನೇ ಎಲ್ಲರಿಗಿಂತ ಮೊದಲು ಬಂದಿದ್ದ.

ಚೂರಕ್ಕ ಮಾತು ಹೇಳಿ ಸುಮ್ಮನಾಗಲಿಲ್ಲ. ಹೊಂಡಕ್ಕೆ ಹೋಗಿ ತಂಪು ಕೆಸರು ತಂದಳು. ಕೀರಣ್ಣನ ಪಂಜ ಹಿಡಿದು ಮೆಲ್ಲಗೆ ಮೆತ್ತಿದಳು. ಅವನ ಹಲ್ಲು ಅವಳ ಕತ್ತಿನಿಂದ ಒಂದೇ ಗೇಣು ದೂರದಲ್ಲಿತ್ತು. ಆದರೂ ಎರಡು ಪಂಜಕ್ಕೂ ಮೆತ್ತಿಯೇ ಎದ್ದಳು. ಕೀರಣ್ಣ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಬೇರೆ ಕಡೆ ನೋಡುತ್ತಾ ಕುಳಿತಿದ್ದ.

ಹನ್ನೊಂದು ಓಲೆ ಆಗಲು ಐದು ದಿನ ಹಿಡಿಯಿತು. ಒಂದೊಂದನ್ನೂ ಅವನೇ ಕೊಂಡೊಯ್ದು ಕೊಟ್ಟ. ಯಾರೂ ಹಲಸಿನ ತೊಳೆ ಕೊಡಲಿಲ್ಲ. ಬೈದರು. ಬೈಸಿಕೊಂಡ. ಆದರೆ ಕೊಟ್ಟ ಓಲೆಯನ್ನು ಎಲ್ಲರೂ ತೆಗೆದುಕೊಂಡರು. ಪದ್ಧತಿ ಪದ್ಧತಿಯೇ.

ಆರನೆಯ ದಿನ ಬೆಳಗ್ಗೆ ಚೂರಕ್ಕ ಎದ್ದು ನೋಡಿದರೆ ತೇಗದ ಬುಡದಲ್ಲಿ ಹನ್ನೆರಡನೆಯ ಓಲೆಯೊಂದು ಇತ್ತು. ಹಳೆಯ ಲಗ್ನಪತ್ರಿಕೆಯ ಅಂಚನ್ನು ಯಾರೋ ಬಹಳ ಕಷ್ಟಪಟ್ಟು ನೇರವಾಗಿ ಕತ್ತರಿಸಿದ್ದರು. ನಡುವೆ ಬೆಂಡೆಹೂವು, ಸ್ವಲ್ಪ ಕದಡಿತ್ತು. ಮೂಲೆಯಲ್ಲಿ ಗುರುತಿನ ಜಾಗದಲ್ಲಿ ಒಂದು ಪಂಜದ ಅಚ್ಚು, ಗುಳ್ಳೆಗಳ ಗುರುತು ಸಮೇತ. ಅದರ ಪಕ್ಕದಲ್ಲಿ ಎರಡು ತುಂಡಾಗಿ ಮುರಿದ ಮರದ ಬಸವನಹುಳು, ಅದೇ ಕಳ್ಳ ಅಚ್ಚು. ದೂರದಲ್ಲಿ ಕೀರಣ್ಣ ನಿಂತಿದ್ದ.

"ಯಾರ ಅಚ್ಚು ಇದು?" ಎಂದು ಚೂರಕ್ಕ ಕೇಳಿದಳು, ಗೊತ್ತಿದ್ದೂ.

"ನಂದೇ ಅಕ್ಕ."

ಓಲೆ ಬಂದ ಮೇಲೆ ಹಳೆಯ ಮಾತು ಎತ್ತುವ ಹಾಗಿಲ್ಲ. ಚೂರಕ್ಕ ಎತ್ತಲಿಲ್ಲ. ಓಲೆಯನ್ನು ಮರದ ತೊಗಟೆಗೆ ಸಿಕ್ಕಿಸಿ, "ಕಾಗದ ಮುಗಿದಿದೆ, ರಸ್ತೆ ಕಡೆ ಹೋಗ್ತಿದ್ದೀನಿ. ಬರ್ತೀಯಾ?" ಎಂದಳು. ಮರದ ಬುಡದಿಂದ ರಸ್ತೆಯವರೆಗಿನ ಆ ದಾರಿಯನ್ನು ಅವಳು ಇಷ್ಟು ವರ್ಷ ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದಳು. ಪೊದೆ ಪೊದೆಯಲ್ಲೂ ಹಾವಿನ ಭಯ. ಅಂದು ಮುಂದೆ ಇಲಿ ನಿಧಾನವಾಗಿ ನಡೆಯಿತು, ಹಿಂದೆ ಮುಂಗುಸಿ ನಡೆಯಿತು. ಮುಂಗುಸಿ ಜೊತೆಗಿದ್ದ ಮೇಲೆ ಯಾವ ಹಾವು ತಲೆ ಎತ್ತೀತು?

ನೀತಿ: ಇನ್ನೊಬ್ಬರ ಗುರುತನ್ನು ಕದ್ದು ಮಾಡಿದ ಮೋಸವು ಮಾಡಿದವರ ಕೈಯಲ್ಲೇ ಕಲೆಯಾಗಿ ಉಳಿಯುತ್ತದೆ. ಆ ಕಲೆ ಹೋಗಬೇಕಾದರೆ ಅದೇ ಕೈಯಿಂದ ಕ್ಷಮೆ ಕೇಳಬೇಕು.