ನೀಲಗಂಗವ್ವನ ಎಳಿ

ಯಾವ ಕಾಲ ಅಂತ ಮಾತ್ರ ಕೇಳಬ್ಯಾಡ್ರಿ, ಭಾಳ ಹಿಂದ, ಒಂದು ನೇಕಾರರ ಊರಾಗ ನೀಲಗಂಗವ್ವ ಅಂತ ಒಬ್ಬಾಕಿ ಇದ್ಲಂತ. ಮಗ್ಗ ನಡಸೂ ಕಂಪ್ಯೂಟರ್ ಬೋರ್ಡು ರಿಪೇರಿ ಮಾಡೂದು ಆಕಿ ಕಸಬು. ಒಂದು ಹಳೇ ಲ್ಯಾಪ್‌ಟಾಪು, ಬಾಯಿತುಂಬ ಎಲಿ ಅಡಿಕಿ. ಬೋರ್ಡಿಗೆ ಕಿವಿ ಹಚ್ಚಿದ್ರ ಸಾಕು, ಅದು ತನ್ನ ಬ್ಯಾನಿ ತಾನ ಹೇಳ್ತಿತ್ತು ಅಂತಾರ. ಸುಳ್ಳು ಬಿಡ್ರಿ. ಆಕಿ ಒಂದು ವೈರು ಹಚ್ಚಿ, ಬೋರ್ಡು ಏನೇನು ಬರಿತೈತಿ ಅಂತ ಲ್ಯಾಪ್‌ಟಾಪಿನ್ಯಾಗ ಓದ್ತಿದ್ಲು. ಮಂದಿಗೆ ಕಿವಿ ಕತಿನ ಸೇರಿತು.

ಹಿಂಗ ಇರಲಾಗಿ, ಅದ ಓಣ್ಯಾಗ ಬನಪ್ಪ ಅಂತ ಒಬ್ಬ ನೇಕಾರ. ಅವಂಗ ಇದ್ದದ್ದು ಒಂದ ಮಗ್ಗ. ಮಗಳು ಶಾವಂತ್ರಿ ಮದುವಿಗೆ ಎಂಟು ದಿನ ಉಳದಿತ್ತು, ಧಾರಿ ಸೀರಿ ಇನ್ನೂ ಅರ್ಧ ಮಗ್ಗದ ಮ್ಯಾಲಿತ್ತು. ಅಂಥಾದ್ರಾಗ ಸಿಡಿಲು ಬಡದು, ಮಗ್ಗಕ್ಕ ಹೂಬಳ್ಳಿ ಹೇಳಿಕೊಡೂ ಪ್ರೋಗ್ರಾಮು ಕೆಟ್ಟು ಹೋತು. ಅದನ್ನ ಮಾಡಿದ ಕಂಪನಿ ಬಾಗಲಾ ಹಾಕಿ ಎಷ್ಟೋ ವರ್ಷ ಆಗಿತ್ತು. ಹೊಸಾ ಪ್ರೋಗ್ರಾಮು ಒಂದು ಸಿಕ್ತು ಖರೆ, ಆದ್ರ ಬೋರ್ಡಿನ್ಯಾಗಿದ್ದ ಹಳೇ ಬೂಟ್‌ಲೋಡರ್ ಅದನ್ನ ಒಪ್ಪವಲ್ದು. ಬೂಟ್‌ಲೋಡರ್ ಅಂದ್ರ ಏನಂತೀರಿ? ಕರೆಂಟು ಬಂದ ಕೂಡ್ಲೆ ತಾ ಮೊದಲ ಎದ್ದು ಉಳಿದದ್ದನ್ನ ಎಬ್ಬಸೂದು. ಮನ್ಯಾಗ ಅಜ್ಜಿ ಇರ್ತಾಳಲ್ಲ, ಹಂಗ. ಈ ಅಜ್ಜಿಗೆ ಸಣ್ಣ ಪ್ರೋಗ್ರಾಮು ಅಷ್ಟ ಎಬ್ಬಸಾಕ ಬರ್ತಿತ್ತು, ದೊಡ್ಡದು ಕಂಡ್ರ ಕೈಚೆಲ್ಲಿ ಕುಂದರ್ತಿದ್ಲು.

ಹಳೇದನ್ನ ಅಳಿಸಿ ಹೊಸಾ ಬೂಟ್‌ಲೋಡರ್ ಹಾಕ್ರಿ ಅಂತ ಊರ ಶಾಣ್ಯಾರು ಹೇಳಿದ್ರಂತ. ಹಿಂದೊಮ್ಮೆ ಹಂಗ ಮಾಡಾಕ ಹೋದಾಗ ನಡುವ ಕರೆಂಟು ಹೋಗಿ, ಬಾಜೂ ಮನಿ ಸಂಗಯ್ಯನ ಬೋರ್ಡು ಕಲ್ಲಾಗಿ ಬಿದ್ದಿತ್ತು. ಎಬ್ಬಸೂದ ಇಲ್ಲಂದ್ರ ಏಳೂದು ಎಲ್ಲಿಂದ? ಬನಪ್ಪ ನೀಲಗಂಗವ್ವನ ಮನಿಗೆ ಓಡಿದ. ಇದೂ ಹಂಗಾದ್ರ ಮಗ್ಗ ಗುಜರಿಗೆ ಹೋಗಬೇಕು, ನೇಕಾರನ ಮಗಳು ಅಂಗಡಿ ಸೀರಿ ಉಟ್ಟು ಹಸೆಮಣಿ ಏರಬೇಕು.

ನೀಲಗಂಗವ್ವ ಬಂದ್ಲು, ನೋಡಿದ್ಲು, ಹಳೇದನ್ನ ಮುಟ್ಟಂಗಿಲ್ಲ ಅಂದ್ಲಂತ. ಸಣ್ಣದನ್ನ ಎಬ್ಬಸಾಕ ಬರ್ತೈತಲ್ಲ, ಅಂಥಾದ್ದ ಒಂದು ಸಣ್ಣ ಬೂಟ್‌ಲೋಡರ್ ಮಾಡಿ ಕೊಡ್ತೀನಿ, ಮಗ್ಗದ ಪ್ರೋಗ್ರಾಮ ಅಂತ ತಿಳದು ಹಳೇದು ಅದನ್ನ ಎಬ್ಬಸ್ಲಿ, ಆಮ್ಯಾಲೆ ಆ ಎರಡನೇದು ಎದ್ದು ದೊಡ್ಡದನ್ನ ಎಬ್ಬಸ್ತೈತಿ ಅಂದ್ಲು. ಮೂರು ದಿನ ಕುಂತು ಬರದ್ಲು. ಉಪವಾಸ ಕುಂತು ಬರದ್ಲು ಅಂತಾರ. ಯಾರು ಅಂತಾರೋ ಏನೋ, ಬನಪ್ಪನ ಹೆಂಡ್ತಿ ಮೂರೂ ಹೊತ್ತು ರೊಟ್ಟಿ ಬಡದು ಹಾಕ್ಯಾಳ.

ನಾಲ್ಕನೇ ದಿನ ಮುಂಜಾನೆ ಮಗ್ಗ ಎದ್ದಿತು. ಖಟಪಟ ಖಟಪಟ. ಓಣಿ ಮಂದಿಯೆಲ್ಲಾ ಬಾಗಲದಾಗ, ಬನಪ್ಪನ ಕಣ್ಣಾಗ ನೀರು. ಅಷ್ಟರಾಗ ಗಪ್ಪನ ನಿಂತಿತು. ಮತ್ತ ತಾನ ಎದ್ದು, ಸೀರಿ ಒಡಲಾಗ ಹೂವಿಲ್ಲದ ಒಂದು ಬರೇ ಎಳಿ ಒಗದು, ಮೊದಲಿಂದ ಸುರು ಮಾಡ್ತು. ಬನಪ್ಪ ಓಡಿ ಹೋಗಿ ಬಂದ್ ಮಾಡಿದ.

ನೀಲಗಂಗವ್ವ ಮಧ್ಯಾಹ್ನದ ತನಕ ತಲಿ ಕೆರಕೊಂಡು ಕುಂತ್ಲು. ಆಮ್ಯಾಲೆ ನಕ್ಕಳಂತ. ಹಳೇದು ಏಳೂವಾಗ ಒಂದು ಗಡಿಯಾರ ಹಚ್ಚಿ ಬಿಡ್ತಿತ್ತು. ಅದರ ಹೊತ್ತು ಮುಗಿಯೂದ್ರಾಗ ಯಾರೂ ನಾ ಇದ್ದೀನಿ ಅನ್ನದಿದ್ರ, ಎಲ್ಲಾ ಸತ್ತೈತಿ ಅಂತ ತಿಳದು ಮತ್ತ ಮೊದಲಿಂದ ಎಬ್ಬಸ್ತಿತ್ತು. ಹೊಸಾ ಪ್ರೋಗ್ರಾಮಿಗೆ ಅದು ಗೊತ್ತಿರಲಿಲ್ಲ. ಎರಡನೇದಕ್ಕ ಎದ್ದ ಕೂಡ್ಲೆ ಆ ಗಡಿಯಾರ ನಿಂದರಸಾಕ ಕಲಿಸಿದ್ಲು. ಮುಂದ ಮಗ್ಗ ನಿಂದರಲಿಲ್ಲ. ಮದುವಿಗೆ ಎರಡು ದಿನ ಇರೂವಾಗ ಸೀರಿ ಮುಗೀತು.

ಸೀರಿ ಬಿಚ್ಚಿದ್ರ ಒಡಲ ನಡುವ ಆ ಬರೇ ಎಳಿ. ನೀಲಗಂಗವ್ವನ ಮಾರಿ ಸಣ್ಣದಾತು, ತನ್ನ ತಪ್ಪು ಅಂದ್ಲು. ನಿರಿಗಿ ಒಳಗ ಹೋಕ್ಕೈತಿ ಅಂತ ಬನಪ್ಪ ಸಮಾಧಾನ ಹೇಳಿದ. ಶಾವಂತ್ರಿ ಕೇಳಲಿಲ್ಲ.

“ಇರ್ಲಿ ಬಿಡ ಚಿಗವ್ವ, ಮಗ್ಗ ಮತ್ತ ಎದ್ದದ್ದು ಇಲ್ಲೇ ಅಲ್ಲ?” ಅಂತ ನೀಲಗಂಗವ್ವಗ ಅಂದ್ಲಂತ. ಆ ಎಳಿ ಎಲ್ಲಾರಿಗೂ ಕಾಣೂ ಹಂಗ ಉಟ್ಟು ಹಸೆಮಣಿ ಏರಿದ್ಲಂತ.

ಇವತ್ತಿಗೂ ಈ ಊರಾಗ ಯಾರೂ ಬೋರ್ಡಿನ ಹಳೇದನ್ನ ಅಳಸಂಗಿಲ್ಲ. ಮಗಳ ಮದುವಿ ಸೀರಿ ನೇಯೂವಾಗ ಒಡಲ ನಡುವ ಬೇಕಂತನ ಮಗ್ಗ ನಿಂದರಿಸಿ, ಹೂವಿಲ್ಲದ ಒಂದು ಎಳಿ ಹಾಕಿ, ಮತ್ತ ಎಬ್ಬಸ್ತಾರ. ನಂಬಿಕಿ ಬರದಿದ್ರ ಮನಿಗೆ ಹೋಗಿ ನಿಮ್ಮ ಅವ್ವನ ಟ್ರಂಕು ತಗದು ನೋಡ್ರಿ.