ಅಡಿದೀಪದ ಹೊನ್ನವ್ವನ ಕತೆ

ದೀಪದ ಸುತ್ತ ಕೂತವರೆಲ್ಲ ಕಾಲು ಸಡಿಲ ಮಾಡಿಕೊಂಡು ಕೇಳಿರಿ.

ಕೆರೆಯಂಚಿನ ಒಂದೂರಿನಲ್ಲಿ ಕೆಂಚಪ್ಪನೆಂಬ ಕುಂಬಾರನೂ ಹೊನ್ನವ್ವನೆಂಬ ಅವನ ಹೆಂಡತಿಯೂ ಇದ್ದರು. ಅವನು ತಿಗರಿ ತಿರುಗಿಸುವನು, ಅವಳು ಮಣ್ಣು ತುಳಿಯುವಳು. ತುಳಿದು ತುಳಿದು ಅವಳ ಬಲಗಾಲಿನ ಹರಡು, ಹಿಮ್ಮಡಿಯ ಮೇಲಿನ ಗಂಟು, ಬಾತು, ಕೀಲು ಬಿಗಿದು, ಬೆಳಗ್ಗೆ ಎದ್ದರೆ ಹಿಮ್ಮಡಿ ಊರಲಾಗದೆ, ಗೋಡೆ ಹಿಡಿದು ಹತ್ತು ಹೆಜ್ಜೆ ನಡೆದ ಮೇಲೆಯೇ ಕಾಲು ಅವಳ ಮಾತು ಕೇಳುತ್ತಿತ್ತು. ಈ ನೋವು ತೀರಲೆಂದು ಅವಳು ಕಾರ್ತಿಕ ಸೋಮವಾರ ಅಡಿದೀಪದ ಗೌರಮ್ಮನ ವ್ರತ ಹಿಡಿದಳು. ಆ ವ್ರತದ ನೇಮ ಒಂದೇ: ಗೌರಮ್ಮನೆದುರು ಕಾಲು ಚಾಚಿ ಕೂತು, ಪಾದದ ಬಳಿ ದೀಪವಿಟ್ಟು, ಯಾರಿಗಾಗಿ ಆ ಕಾಲು ಸವೆಯಿತೋ ಅವರ ಕೈಯಿಂದ ಬಿಸಿ ಹರಳೆಣ್ಣೆ ಹಚ್ಚಿಸಿಕೊಂಡು, ದೀಪ ಶಾಂತವಾಗುವ ತನಕ ಏಳಬಾರದು.

ಹೊನ್ನವ್ವ ಹೂವು ತಂದಳು, ಹೆಸರುಬೇಳೆ ಪಾಯಸ ಮಾಡಿದಳು. ಆದರೆ ದೇವರೆದುರು ಕಾಲು ಚಾಚಲು ನಾಚಿ ಮಡಿಚಿ ಕೂತಳು; ಗಂಡನ ಕೈಗೆ ಕಾಲು ಕೊಡಲು ಅಂಜಿ ತಾನೇ ಎಣ್ಣೆ ಸವರಿಕೊಂಡಳು; ಊರವರ ಹಣತೆಗೆ ಮಣ್ಣು ಕಾದಿದೆಯೆಂದು ದೀಪ ಉರಿಯುತ್ತಿರುವಾಗಲೇ ಎದ್ದಳು. ಹೀಗೆ ಎರಡು ವರ್ಷ ನಡೆಯಿತು. ಮೂರನೆಯ ವರ್ಷ ದೀಪ ಬಿಟ್ಟೆದ್ದು ಮಣ್ಣಿಗಿಳಿದವಳ ಕಾಲು ಹೊರಳಿ, ಹರಡು ಕುಡಿಕೆಯಂತೆ ಊದಿ, ಅವಳು ಅಂಬೆಗಾಲಿಕ್ಕಿ ಮನೆಯೊಳಗೆ ಬಂದಳು. ಇನ್ನು ನಿಲ್ಲಲಾರೆನೇನೋ, ತುಳಿಯದ ಮಣ್ಣು ಒಣಗಿದರೆ ಉಣ್ಣುವುದೇನು ಎಂದು ನೆನೆದಳು. ಅಳುವಷ್ಟು ತ್ರಾಣವೂ ಇರಲಿಲ್ಲ.

ಆಗ ಗೌರಮ್ಮ ಬಳೆ ಮಾರುವ ಮುದುಕಿಯಾಗಿ, ಕುಂಟುತ್ತ ಬಂದು, ಹೊಸ್ತಿಲಲ್ಲಿ ಗಂಟು ಇಳಿಸಿ, “ಹೂವು ಚೆಂದವಿದೆ ಮಗಳೇ. ಕಾಲೆಲ್ಲಿ ಬಚ್ಚಿಟ್ಟೆ?” ಎಂದಳು.

“ದೇವರ ಮುಂದೆ ಕಾಲು ಚಾಚೋದುಂಟೇನಜ್ಜೀ?”

“ನೋವಿರೋದು ಅಲ್ಲೇ ಅಲ್ಲವೇನೇ? ಅದನ್ನ ಸೀರೆಯೊಳಗಿಟ್ಟು ಪಾಯಸ ತೋರಿಸಿದರೆ ಗೌರಮ್ಮ ಏನು ನೋಡಿಯಾಳು?”

ಬಾಗಿಲಲ್ಲಿ ನಿಂತಿದ್ದ ಕೆಂಚಪ್ಪ, “ಹೆಂಡ್ತಿ ಕಾಲು ಹಿಡಿದರೆ ಊರು ನಗ್ತದಮ್ಮಾ” ಎಂದನು.

“ನಗಲಿ ಬಿಡಪ್ಪ. ನಕ್ಕವರು ಬಂದು ನಿನ್ನ ಮಣ್ಣು ತುಳೀತಾರೇನು?”

ಕೆಂಚಪ್ಪ ಕೈ ತೊಳೆದು ಬಂದು ಕೂತನು. ಇಪ್ಪತ್ತು ವರ್ಷ ಮಣ್ಣಿನ ಹದವನ್ನು ಬೆರಳಲ್ಲಿ ಅರಿತವನು, ಅದನ್ನು ಹದ ಮಾಡಿದ ಪಾದವನ್ನು ಅಂದೇ ಮೊದಲು ಮುಟ್ಟಿದನು. ಒಡೆದ ಹಿಮ್ಮಡಿಯನ್ನೂ ಒಂದರ ಮೇಲೊಂದು ಏರಿದ ಬೆರಳುಗಳನ್ನೂ ಕಂಡು ತಲೆ ತಗ್ಗಿಸಿ, ಎಣ್ಣೆ ಸವರಿ, ಬಟ್ಟೆ ಸುತ್ತಿ, ದೀಪ ಶಾಂತವಾಗುವ ತನಕ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡನು. ಹೊನ್ನವ್ವ ಕೂತಲ್ಲೇ ನಿದ್ದೆಹೋದಳು. ಮುದುಕಿ ಹೋದದ್ದನ್ನು ಯಾರೂ ಕಾಣಲಿಲ್ಲ.

ಊರು ನಕ್ಕಿತು. ಕೆಂಚಪ್ಪ ತಾನೇ ಮಣ್ಣಿಗಿಳಿದು ತುಳಿದನು. ಎರಡು ತಿಂಗಳಿಗೆ ಊತ ಇಳಿದು ಹೊನ್ನವ್ವ ಎದ್ದು ನಿಂತಳು. ಕೀಲು ಮೊದಲಿನಂತಾಗಲಿಲ್ಲ, ಕುಂಟು ಉಳಿಯಿತು. ಆದರೂ ಇಬ್ಬರೂ ಸರದಿಯಲ್ಲಿ ತುಳಿದ ಮಣ್ಣಿನ ಹಣತೆ ಒಂದೂ ಬಿರಿಯಲಿಲ್ಲ, ಆ ಮನೆಯ ಒಲೆ ಆರಲಿಲ್ಲ.

ಈ ಕತೆ ಹೇಳಿದವರಿಗೂ ಕೇಳಿದವರಿಗೂ ಹೊನ್ನವ್ವನಿಗಾದ ಫಲವೇ ಆಗಲಿ. ಹೋದ ಬಲ ಬಾರದಿದ್ದರೂ, ದಣಿದ ಕಾಲಿಗೆ ಒಂದು ತೊಡೆ ಸಿಗಲಿ. ದೀಪ ಇನ್ನೂ ಉರಿಯುತ್ತಿದೆ, ಯಾರೂ ಏಳಬೇಡಿರಿ.