ಹಿಂಬಾಗಿಲಿಲ್ಲದ ಯುದ್ಧಬಂಡಿ

ಒಂದು ಕಾಡಿನಲ್ಲಿ ಕೆಂಚಪ್ಪನೆಂಬ ಕಾಡುಹಂದಿ ದಂಡನಾಯಕನಾಗಿದ್ದ. ಬೇಸಿಗೆ ಬಂತೆಂದರೆ ಸೀಳುನಾಯಿಗಳು ಹಳ್ಳದ ದಾರಿ ಹಿಡಿದು ನುಗ್ಗುತ್ತಿದ್ದವು. ಅವುಗಳನ್ನು ತಡೆಯಲೆಂದು ನರಿ ಒಂದು ಯುದ್ಧಬಂಡಿ ಮಾಡಿಕೊಟ್ಟಿತ್ತು. ಸುತ್ತಲೂ ದಪ್ಪ ದಿಮ್ಮಿ, ಬಾಗಿಲು ಮುಂದೆ ಮಾತ್ರ. ಒಳಗಿದ್ದವರೇ ತಳ್ಳಿಕೊಂಡು ಹೋಗಬೇಕು. ಹೋದ ವರ್ಷ ಅದು ಹಳ್ಳದ ಕೆಸರಿನಲ್ಲಿ ಹೂತುಹೋಯಿತು. ಮುಂದೆ ಸೀಳುನಾಯಿಗಳು, ಹಿಂದೆ ಬಾಗಿಲಿಲ್ಲ. ಕೆಂಚಪ್ಪನ ತಮ್ಮ ಒಳಗೇ ಸತ್ತ.

ಈ ವರ್ಷ ನರಿ ಇನ್ನೂ ದೊಡ್ಡ ಬಂಡಿ ಕಟ್ಟಿತು. ಮೇಲೆ ನವಿಲುಗರಿ ಬೇರೆ! ಸಿಂಹರಾಜನ ಮುಂದೆ ಗಟ್ಟಿನೆಲದ ಬಯಲಿನಲ್ಲಿ ಉರುಳಿಸಿ ತೋರಿಸಿತು. ರಾಜ ತಲೆದೂಗಿದ.

ಕೆಂಚಪ್ಪನ ಮೈಯೆಲ್ಲ ಉರಿಯಿತು. "ಹಗುರ ಮಾಡು, ಹಿಂದೊಂದು ಬಾಗಿಲಿಡು ಅಂತ ಬಡಕೊಂಡೆನಲ್ಲೋ! ಎಲ್ಲಿದೆ ಬಾಗಿಲು?"

"ಬಾಗಿಲಿಟ್ಟರೆ ಅಂದ ಕೆಡುತ್ತೆ, ನಾಯಕರೇ. ನೀವು ಕಾದಾಡಿ, ಯೋಚನೆ ನಮಗೆ ಬಿಡಿ. ಹುಂ, ನಿಮ್ಮ ಹುಡುಗರನ್ನು ಹತ್ತಿಸಿ, ಹಳ್ಳಕ್ಕೆ ಇಳಿಸಿ."

"ಕಟ್ಟಿದವರೇ ಮೊದಲು ಹತ್ತಬೇಕು. ಅದು ಈ ಕಾಡಿನ ಹಿರಿಯರು ದೇವರ ಮುಂದೆ ಮಾಡಿದ ಕಟ್ಟಳೆ. ಹೋದ ವರ್ಷ ತಪ್ಪಿಸಿಕೊಂಡೆ, ಈ ಸಲ ಆಗಲ್ಲ. ಹತ್ತು!"

ನರಿ ಬಾಲ ಮುದುರಿತು. "ಇವತ್ತು ಅಮಾವಾಸ್ಯೆ ಕಣಪ್ಪಾ..."

"ನನ್ನ ಹುಡುಗರಿಗೆ ಇಲ್ಲದ ಅಮಾವಾಸ್ಯೆ ನಿನಗೊಬ್ಬನಿಗೆ ಬಂತೇನೋ, ಪಾಪಿ!"

ಸಿಂಹರಾಜನಿಗೂ ನಾಚಿಕೆಯಾಯಿತು. "ಹತ್ತು," ಎಂದ.

ನರಿ ತನ್ನ ಬಳಗದೊಂದಿಗೆ ಹತ್ತಿತು. ಬಂಡಿ ಹಳ್ಳಕ್ಕಿಳಿದದ್ದೇ ತಡ, ಮುಂಬಾಗಿಲ ಸಮೇತ ಮೂತಿ ಕೆಸರಿಗೆ ಹೂತುಕೊಂಡಿತು. ಒಳಗೆ ನೀರು ನುಗ್ಗಿತು.

"ಸತ್ತೆವಪ್ಪೋ! ಬಾಗಿಲು! ಬಾಗಿಲೆಲ್ಲಿ?" ನರಿ ಊಳಿಟ್ಟಿತು.

ತಮ್ಮನೂ ಹೀಗೇ ಕೂಗಿದ್ದ. ಕೆಂಚಪ್ಪ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಹಲ್ಲು ಕಚ್ಚಿ ಹಳ್ಳಕ್ಕಿಳಿದ, ಕೋರೆಹಲ್ಲಿನಿಂದ ಹಿಂಬದಿಯ ದಿಮ್ಮಿಗಳನ್ನು ಸೀಳಿದ. ನರಿಗಳು ಹೊರಬಿದ್ದವು. ಬಂಡಿ ಕಟ್ಟಿದ ನರಿಯ ಬಾಲ ಮಾತ್ರ ದಿಮ್ಮಿಯ ಸಂದಿಗೆ ಸಿಕ್ಕಿ ತುಂಡಾಗಿ ಒಳಗೇ ಉಳಿಯಿತು.

"ನೋಡಿಕೋ," ಎಂದ ಕೆಂಚಪ್ಪ, ತಾನು ಸೀಳಿದ ಕಂಡಿಯನ್ನು ತೋರಿಸಿ. "ನಾನು ಕೇಳಿದ್ದು ಇಷ್ಟೇ."

ಅಂದಿನಿಂದ ಮೊಂಡುಬಾಲದ ನರಿ ಹಂದಿಗಳ ಜೊತೆ ಕೆಸರಿನಲ್ಲಿ ನಿಂತು, ಕೇಳಿ ಕೇಳಿ ಬಂಡಿ ಕಟ್ಟಿತು. ಸೀಳುನಾಯಿಗಳು ಬಂದ ದಿನ ಅದರಲ್ಲಿ ಮೊದಲು ಕೂತದ್ದೂ ಆ ನರಿಯೇ.

ನೀತಿ: ಯುದ್ಧಕ್ಕೆ ಹೋಗುವವರ ಮಾತು ಕೇಳದೆ, ದೊರೆಯ ಕಣ್ಣು ತಣಿಸಲು ಆಯುಧ ಮಾಡುವವನು ತನ್ನವರನ್ನೇ ಕೊಲ್ಲುತ್ತಾನೆ.